ಒಂದೇ ಸಲ ಕೇಳಿದರು

ಬಳ್ಳಾರಿಯಲ್ಲಿ ನಾನು ಬಾಡಿಗೆಗೆ ಹಿಡಿದಿರುವ ಮನೆ ಒಬ್ಬನಿಗೆ ದೊಡ್ಡದು. ಎರಡು ಕೋಣೆ, ಒಂದು ಅಡುಗೆಮನೆ, ಹಿತ್ತಲಲ್ಲಿ ನೀರಿನ ತೊಟ್ಟಿ. ಎರಡನೇ ಕೋಣೆ ಇರಲಿ ಅಂತ ಹಟ ಮಾಡಿ ಹುಡುಕಿದ್ದು ಅವ್ವನಿಗಾಗಿ. ಆಕೆ ಬರಲಿಲ್ಲ. ಎರಡು ವರ್ಷ ಅಲ್ಲಿ ಚೆಂಡು ತುಂಬಿದ ಬಲೆಚೀಲ, ಮೈದಾನದಲ್ಲಿ ಸಾಲಾಗಿ ಇಡುವ ಪ್ಲಾಸ್ಟಿಕ್ ಕೋನ್‌ಗಳು, ಗಾಳಿ ಹೊಡೆಯುವ ಪಂಪು ಬಿದ್ದಿದ್ದವು. ಮನೆ ಮಾಲೀಕರು ಬಂದಾಗಲೆಲ್ಲ ಆ ಕೋಣೆಯೊಳಗೆ ಇಣುಕಿ, "ನಿಮ್ ತಾಯಿಯವ್ರು ಯಾವಾಗ ಬರ್ತಾರ್ರಿ?" ಅಂತ ಕೇಳುತ್ತಿದ್ದರು. ಬರ್ತಾರ್ರಿ ಅನ್ನುತ್ತಿದ್ದೆ. ಅಷ್ಟು ಹೇಳಿದರೆ ಅವರೂ ಸುಮ್ಮನಾಗುತ್ತಿದ್ದರು, ನಾನೂ ಸುಮ್ಮನಾಗುತ್ತಿದ್ದೆ.

ಅವ್ವ ಸಿರುಗುಪ್ಪದಲ್ಲಿ ಅಕ್ಕನ ಮನೆಯಲ್ಲಿದ್ದಳು. ಅಪ್ಪ ಹೋದ ಮೇಲೆ ಕುರುಗೋಡಿನ ಮನೆ ಬಿಡಿಸಿ ಅಕ್ಕನೇ ಕರೆದುಕೊಂಡು ಹೋದಳು. ನಾನು ಆಗ ದೂರದೇಶದಲ್ಲಿದ್ದೆ. ಅಕ್ಕನ ಗಂಡ, ನನಗೆ ಭಾವ, ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ. ಒಳ್ಳೆಯ ಮನುಷ್ಯ, ಅತ್ತೆಯನ್ನು ಒಂದು ಮಾತು ಅಂದವರಲ್ಲ. ಆದರೂ ನಮ್ಮ ಕಡೆ ಮಗನಿದ್ದೂ ಮಗಳ ಮನೆಯಲ್ಲಿ ಉಣ್ಣುವ ಹೆಂಗಸು ತಟ್ಟೆಯ ಮುಂದೆ ಸ್ವಲ್ಪ ಸಣ್ಣಗಾಗಿ ಕೂರುತ್ತಾಳೆ. ಅವ್ವ ಹಾಗೆ ಕೂರುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ನೋಡಿಯೂ ಒಬ್ಬನೇ ಬಳ್ಳಾರಿ ಬಸ್ಸು ಹತ್ತಿ ಬಂದಿದ್ದೇನೆ. ಯಾಕೆ ಅಂತ ಹೇಳಬೇಕಾದರೆ ನನ್ನ ಫುಟ್‌ಬಾಲಿನ ಕತೆ ಹೇಳಬೇಕು. ಅದಕ್ಕೂ ಮೊದಲು, ನಮ್ಮಲ್ಲಿ ಊಟಕ್ಕೆ ಹೇಗೆ ಕರೆಯುತ್ತಾರೆ ಅನ್ನುವುದನ್ನು ಹೇಳಬೇಕು.

ನಮ್ಮಲ್ಲಿ ಯಾರಾದರೂ ಉಣ್ಣಲು ಕರೆದರೆ ಮೊದಲ ಸಲಕ್ಕೇ ಹೂಂ ಅನ್ನುವಂತಿಲ್ಲ. "ಬ್ಯಾಡ್ರಿ, ಈಗ ಉಂಡು ಬಂದೀನಿ" ಅನ್ನಬೇಕು. ಹೊಟ್ಟೆಯಲ್ಲಿ ಬೆಳಗಿನ ಚಹಾ ಬಿಟ್ಟರೆ ಏನೂ ಇಲ್ಲದಿದ್ದರೂ ಹಾಗೇ ಅನ್ನಬೇಕು. ಕರೆದವರು ಅದನ್ನು ಕಿವಿಗೇ ಹಾಕಿಕೊಳ್ಳಬಾರದು. "ಒಂದ ರೊಟ್ಟಿ ತಿಂದ್ರ ಏನಾಕ್ಕತ್ರಿ, ಬರ್ರಿ" ಅಂತ ಮತ್ತೆ ಕರೆಯಬೇಕು. ಆಗಲೂ ಒಲ್ಲೆ ಅನ್ನಬೇಕು. ಕೊನೆಗೆ ಅವರು ಕೈ ಹಿಡಿದು ಎಳೆದು ಕೂರಿಸಿದ ಮೇಲೆ, ನಿಮ್ಮ ಒತ್ತಾಯಕ್ಕೆ ಅಂತ ಗೊಣಗಿಕೊಂಡು ಹೊಟ್ಟೆ ತುಂಬ ಬಾರಿಸಬೇಕು. ಬೇರೆಯವರು ಇದನ್ನು ನೋಡಿ ಕಲಿಯುತ್ತಾರೆ, ನನಗೆ ಅವ್ವ ಚಿವುಟಿ ಕಲಿಸಿದಳು. ಚಿಕ್ಕವನಿದ್ದಾಗ ಕುರುಗೋಡಿನಲ್ಲಿ ಯಾರದೋ ಮನೆಯಲ್ಲಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಂದಿಟ್ಟು "ತಗೋಪ್ಪಾ" ಅಂದರು. ನಾನು ತಗೊಂಡೆ. ಸೆರಗಿನ ಮರೆಯಲ್ಲಿ ಅವ್ವನ ಬೆರಳು ನನ್ನ ತೊಡೆಗೆ ಬಂತು. "ಎಷ್ಟ್ ದಿನದಿಂದ ಉಪಾಸ ಇದ್ದಿಲೇ? ಮಾನಾ ಕಳದಿ" ಅಂತ ಮನೆ ಮುಟ್ಟುವವರೆಗೂ ಬೈದಳು. ಮಿರ್ಚಿ ಮಾತ್ರ ಬಹಳ ಚೆನ್ನಾಗಿತ್ತು.

ಮೈದಾನದಲ್ಲಿ ನನಗೆ ಈ ಸಂಕೋಚ ಇರಲಿಲ್ಲ. ಕುರುಗೋಡಿನಿಂದ ಬಳ್ಳಾರಿಗೆ ಬಸ್ಸಿನಲ್ಲಿ ಕಾಲೇಜಿಗೆ ಓಡಾಡುತ್ತಿದ್ದ ಕಾಲದಲ್ಲಿ ಅಲ್ಲಿನ ಕೌಲ್ ಬಜಾರಿನ ಹುಡುಗರ ಜೊತೆ ಫುಟ್‌ಬಾಲ್ ಆಡಲು ನಿಂತೆ. ಒಬ್ಬ ತೆಲುಗಿನಲ್ಲಿ ಬೈದರೆ ಇನ್ನೊಬ್ಬ ಉರ್ದುವಿನಲ್ಲಿ ಬೈಯುತ್ತಿದ್ದ. ನಾನು ಎರಡನ್ನೂ ಕಲಿತು ಇಬ್ಬರಿಗೂ ವಾಪಸು ಕೊಡುತ್ತಿದ್ದೆ. ನನ್ನನ್ನು ಮಿಡ್‌ಫೀಲ್ಡರ್ ಮಾಡಿದರು. ಗೋಲು ಹೊಡೆದವನಿಗೆ ಹೆಸರು, ಗೋಲು ಬಿಟ್ಟವನಿಗೆ ಬೈಗುಳ, ನಡುವೆ ಆಡುವವನಿಗೆ ಎರಡೂ ಇಲ್ಲ. ಹಿಂದಿನವರಿಂದ ಚೆಂಡು ಇಸಿದುಕೊಂಡು ಮುಂದಿನವರಿಗೆ ದಾಟಿಸುವುದು ಅವನ ಕೆಲಸ. ಅದಕ್ಕೆ ಮೊದಲು ಚೆಂಡು ಕೇಳಬೇಕು. ಆಟ ಮುಗಿಯುವವರೆಗೂ "ಇಲ್ಲಿ ಕೊಡಲೇ, ಇಲ್ಲಿ ಅದೀನಿ" ಅಂತ ಗಂಟಲು ಹರಿದುಕೊಳ್ಳಬೇಕು. ಕೇಳದವನಿಗೆ ಯಾರೂ ಕೊಡುವುದಿಲ್ಲ. ನಾನು ಚೆನ್ನಾಗಿ ಕೇಳುತ್ತಿದ್ದೆ, ಆ ಒಂದು ಗುಣದಿಂದಲೇ ಬೆಂಗಳೂರಿಗೆ ಹೋದೆ, ಅಲ್ಲಿಂದ ಗೋವಾದ ಒಂದು ಕ್ಲಬ್ಬಿಗೆ ಹೋದೆ. ಆಟವೇ ಹೊಟ್ಟೆಪಾಡಾಯಿತು.

ಗೋವಾದಲ್ಲಿ ನಮಗೆ ಫಿನ್‌ಲೆಂಡಿನ ಕೋಚ್ ಒಬ್ಬರಿದ್ದರು. ಮಾತು ಕಡಿಮೆ, ನೋಡುವುದು ಜಾಸ್ತಿ. ಅವರು ತಮ್ಮ ದೇಶಕ್ಕೆ ವಾಪಸಾಗಿ ಒಂದು ಸಣ್ಣ ಊರಿನ ಕ್ಲಬ್ಬು ಸೇರಿದ ಮೇಲೆ ನನ್ನನ್ನು ಕರೆಸಿಕೊಂಡರು. ಕಾಗದಪತ್ರವೆಲ್ಲ ಗೋವಾದ ಕ್ಲಬ್ಬಿನ ಆಫೀಸಿನಿಂದಲೇ ನಡೆದದ್ದರಿಂದ ಬೇಡ ಅನ್ನುವ ಅವಕಾಶ ನನಗೆ ಸಿಗಲಿಲ್ಲ, ಪುಣ್ಯ. ಫಿನ್‌ಲೆಂಡ್ ಎಲ್ಲಿದೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಭಾವ ಮೊಬೈಲಿನಲ್ಲಿ ನಕ್ಷೆ ತೆಗೆದು ಮೇಲೆ ಮೇಲೆ ಸರಿಸುತ್ತಾ ಹೋಗಿ, "ಇನ್ನ ಸ್ವಲ್ಪ ಮ್ಯಾಲ ಹೋದ್ರ ಭೂಮಿನ ಮುಗೀತೈತಲ್ಲೋ" ಅಂದರು. ಅವ್ವ ನಕ್ಷೆ ನೋಡಲಿಲ್ಲ. ಅಲ್ಲಿ ಜೋಳ ಸಿಗ್ತೈತೇನು ಅಂತ ಕೇಳಿದಳು.

ನಾನು ಹೋದಾಗ ಚಳಿಗಾಲ ಮುಗಿಯುತ್ತಿತ್ತು ಅಂತ ಅವರು ಹೇಳಿದರು. ನನಗೇನೂ ಮುಗಿದಂತೆ ಕಾಣಲಿಲ್ಲ. ಪ್ಲಾಸ್ಟಿಕ್ ಹುಲ್ಲಿನ ಮೈದಾನದಿಂದ ಹಿಮವನ್ನು ಟ್ರ್ಯಾಕ್ಟರಿನಲ್ಲಿ ಸರಿಸಿ ಅಂಚಿಗೆ ರಾಶಿ ಹಾಕಿದ್ದರು. ಬಳ್ಳಾರಿಯ ಬಿಸಿಲಿನಲ್ಲಿ ಬೆಳೆದ ನನ್ನ ಕಿವಿ, ಮೂಗು ಇವೆಯೋ ಬಿದ್ದವೋ ಅಂತ ಮುಟ್ಟಿ ನೋಡಿಕೊಂಡು ಆಡಿದೆ. ಮೊದಲ ದಿನದ ತರಬೇತಿ ಮುಗಿಸಿ ಎಲ್ಲರೂ ಸೌನಾಕ್ಕೆ ಹೊರಟರು. ಅದು ಮರದ ಹಲಗೆ ಹೊಡೆದ ಬಿಸಿ ಕೋಣೆ. ಕಾದ ಕಲ್ಲಿನ ಮೇಲೆ ನೀರು ಸುರಿದು, ಮೈಮೇಲೆ ಬಟ್ಟೆಯಿಲ್ಲದೆ ಸಾಲಾಗಿ ಕೂತು ಬೆವರುತ್ತಾರೆ. ಹೊರಗೆ ತುಟಿ ಬಿಚ್ಚದ ಆ ಜನ ಮಾತಾಡುವುದು ಅಲ್ಲಿ ಮಾತ್ರ. ತಂಡದ ನಾಯಕ ಟವೆಲು ಹೆಗಲಿಗೆ ಹಾಕಿಕೊಂಡು ನನ್ನ ಮುಂದೆ ನಿಂತು, "ಬರ್ತೀಯಾ?" ಅಂತ ಇಂಗ್ಲಿಷಿನಲ್ಲಿ ಕೇಳಿದ. ನಾನು, "ಇಲ್ಲ, ಪರವಾಗಿಲ್ಲ" ಅಂದೆ. ಅವನು ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಬೆತ್ತಲೆ ಕೂರಲು ನಾಚಿಕೆ ಇತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಹೋಗಬೇಕು ಅಂತಲೂ ಇತ್ತು. ಇನ್ನೊಮ್ಮೆ ಕರೆದಿದ್ದರೆ ಹೋಗುತ್ತಿದ್ದೆ. ಬೂಟಿನ ಲೇಸು ಬಿಚ್ಚಿ ಮತ್ತೆ ಕಟ್ಟಿ, ಚೀಲದ ಬಟ್ಟೆ ತೆಗೆದು ಮತ್ತೆ ಮಡಿಸಿ ಹೊರಗೇ ಕಾಲ ಕಳೆದೆ. ಒಳಗಿನಿಂದ ನಗು ಕೇಳುತ್ತಿತ್ತು. ಮರುದಿನ ಯಾರೂ ಕೇಳಲಿಲ್ಲ, ಆ ವಾರ ಯಾರೂ ಕೇಳಲಿಲ್ಲ. ಕರೆಯುವ ಮನಸ್ಸಿದ್ದರೆ ಇನ್ನೊಂದು ಸಲ ಕರೆಯಲು ಇವರ ಗಂಟೇನು ಹೋಗುತ್ತಿತ್ತು ಅಂತ ನನಗೆ ಸಿಟ್ಟು ಬಂತು. ನಾನು ಬೇಕಾಗಿಲ್ಲ ಅಂತ ತಿಳಿದುಕೊಂಡೆ.

ಒಂದು ಭಾನುವಾರ ಆ ನಾಯಕ ಏನೋ ಕೊಡಲು ತನ್ನ ಮನೆಗೆ ಕರೆದುಕೊಂಡು ಹೋದ. ಅವನ ಹೆಂಡತಿ ದಾಲ್ಚಿನ್ನಿ ಹಾಕಿದ ಬನ್ನು ಆಗಷ್ಟೇ ಒಲೆಯಿಂದ ತೆಗೆದಿದ್ದಳು. ಕಾಫಿ, ಬನ್ನು ಬೇಕಾ ಅಂತ ಕೇಳಿದಳು. ಬೇಡ, ಈಗ ತಿಂದು ಬಂದೆ ಅಂದೆ. ಅವಳು ಎರಡೇ ಬಟ್ಟಲು ತಂದಳು. ಗಂಡ ಹೆಂಡತಿ ನನ್ನ ಎದುರೇ ಕೂತು, ನಗುನಗುತ್ತಾ ಮಾತಾಡಿಸುತ್ತಾ, ಕಾಫಿ ಕುಡಿದು ಬನ್ನು ತಿಂದರು. ನಾನು ನೋಡಿದೆ. ಕುರುಗೋಡಿನಲ್ಲಿ ಹೀಗೆ ಮಾಡಿದವರ ಮನೆಗೆ ಮುಂದೆ ಯಾರೂ ಕಾಲಿಡುವುದಿಲ್ಲ. ಅಲ್ಲಿಂದ ನನ್ನ ಕೋಣೆಗೆ ಹೋಗಿ ಅನ್ನ ಮಾಡಿಕೊಂಡು ಉಂಡೆ.

ಹೀಗೆ ಮೂರು ವರ್ಷ ಒಬ್ಬನೇ ಉಂಡೆ. ಆಟ ಚೆನ್ನಾಗಿ ಆಡಿದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಮೈದಾನದೊಳಗೆ ನಾನು ಕೇಳಿದಾಗಲೆಲ್ಲ ಅವರು ಚೆಂಡು ಕೊಡುತ್ತಿದ್ದರು. ಸೀಟಿ ಊದಿದ ಮೇಲೆ ಅವರು ಒಂದು ಬಾಗಿಲಿಗೆ, ನಾನು ಒಂದು ಬಾಗಿಲಿಗೆ. ಚಳಿಗಾಲದಲ್ಲಿ ಮಧ್ಯಾಹ್ನದ ಚಹಾದ ಹೊತ್ತಿಗೇ ಕತ್ತಲಾಗುತ್ತಿತ್ತು. ಕಿಟಕಿಯಲ್ಲಿ ನಿಂತರೆ ಎದುರಿನ ಮನೆಗಳ ದೀಪ ಕಾಣುತ್ತಿತ್ತು, ಮನುಷ್ಯರು ಕಾಣುತ್ತಿರಲಿಲ್ಲ. ಅವ್ವ ಫೋನಿನಲ್ಲಿ, "ಉಂಡ್ಯಾ? ಯಾರ ಜೊತಿ ಉಂಡಿ?" ಅಂತ ಕೇಳುತ್ತಿದ್ದಳು. "ಎಲ್ರೂ ಕೂಡೇ ಉಂಡ್ವವ್ವಾ, ಬಿಡಂಗಿಲ್ಲ ಇವರು, ಒತ್ತಾಯ ಮಾಡಿ ಹಾಕ್ತಾರ" ಅನ್ನುತ್ತಿದ್ದೆ. ಫೋನಿಟ್ಟ ಮೇಲೆ ಕುಕ್ಕರಿನಲ್ಲಿ ಉಳಿದ ಅನ್ನ ನೋಡಿದರೆ ಅಳು ಬರುತ್ತಿತ್ತು. ಒಮ್ಮೊಮ್ಮೆ ಅತ್ತೂ ಇದ್ದೇನೆ.

ಎರಡನೇ ವರ್ಷ ಅಪ್ಪ ತೀರಿಕೊಂಡರು. ನಾನು ಕುರುಗೋಡು ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಮನೆ ತುಂಬ ಜನ. ಬಂದವರೆಲ್ಲ ನನ್ನನ್ನು ತಬ್ಬಿಕೊಂಡು, ನಾನು ಒಲ್ಲೆ ಅಂದರೂ ಬಾಯಿಗೆ ಅನ್ನ ತುರುಕಿದರು. ವಾಪಸು ಹೋದ ದಿನ ತಂಡದವರು ಒಬ್ಬೊಬ್ಬರಾಗಿ ಬಂದು ಕೈಕುಲುಕಿದರು. "ಏನಾದರೂ ಬೇಕಾ?" ಅಂತ ಕೋಚ್ ಕೇಳಿದರು. ಏನೂ ಬೇಡ ಅಂದೆ. ಏನೂ ಬೇಡ ಅಂದದ್ದಕ್ಕೆ ಅವರು ಮನಃಪೂರ್ವಕ ಮರ್ಯಾದೆ ಕೊಟ್ಟು, ಒಂದು ತಿಂಗಳು ಯಾರೂ ನನ್ನ ತಂಟೆಗೆ ಬರಲಿಲ್ಲ.

ಮೂರನೇ ವರ್ಷದ ಆಟಗಳು ಮುಗಿದಾಗ ಕಾಂಟ್ರ್ಯಾಕ್ಟೂ ಮುಗಿಯಿತು. ಕೋಚ್ ತಮ್ಮ ಕೋಣೆಗೆ ಕರೆದು ಕೂರಿಸಿ, ಕ್ಲಬ್ಬಿನವರು ಇನ್ನೆರಡು ವರ್ಷ ನನ್ನನ್ನು ಇಟ್ಟುಕೊಳ್ಳಲು ತಯಾರಿದ್ದಾರೆ, ತಮಗೂ ಅದೇ ಇಷ್ಟ ಅಂದರು. "ನೀನು ಏನು ಹೇಳ್ತೀಯ?" ಅಂದರು. ಅಷ್ಟು ಒಂಟಿಯಾಗಿದ್ದರೂ ಆಟ ಬಿಡುವ ಯೋಚನೆ ನನಗೆ ಕನಸಿನಲ್ಲೂ ಇರಲಿಲ್ಲ. ವಯಸ್ಸು ಮೂವತ್ತು ದಾಟಿತ್ತು. ಇದು ಹೋದರೆ ಬೇರೆ ಕಡೆ ಸಿಗುವುದಿಲ್ಲ ಅಂತ ಗೊತ್ತಿತ್ತು. ಆದರೂ ನನ್ನ ಬಾಯಿಂದ ಬಂದ ಮಾತು ಇದು: "ನನಗಿಂತ ಚೆನ್ನಾಗಿ ಆಡುವ ಹುಡುಗರು ಸಿಗ್ತಾರೆ ಸರ್, ನನ್ನದೇನಿದೆ. ಅಪ್ಪ ಹೋದ ಮೇಲೆ ಊರಲ್ಲಿ ತಾಯಿ ಬೇರೆ ಒಬ್ಬಳೇ ಆಗಿದ್ದಾಳೆ."

ಇದು ನಮ್ಮ ಕಡೆಯ ಮೊದಲ ಬೇಡ. ಇದರ ಮೇಲೆ ಅವರು, ಏ ಹಾಗೆಲ್ಲ ಅನ್ನಬೇಡ ಅನ್ನಬೇಕು. ನಾನು ಇನ್ನೊಮ್ಮೆ ಗೊಣಗಬೇಕು. ಆಮೇಲೆ ಅವರು ಪೆನ್ನು ನನ್ನ ಕೈಗೆ ತುರುಕಬೇಕು. ಕೋಚ್ ಎದ್ದು ಕೈ ಚಾಚಿ, "ನಿಜ ಹೇಳಿದ್ದಕ್ಕೆ ಥ್ಯಾಂಕ್ಸ್. ತಾಯಿ ಮುಖ್ಯ" ಅಂದರು. ನಾನು ಕೈಕುಲುಕಿ ಹೊರಗೆ ಬಂದೆ.

ಮತ್ತೆ ಕರೆಯುತ್ತಾರೆ ಅಂತ ಕಾದೆ. ಫೋನು ಎಲ್ಲಿಗೆ ಹೋದರೂ ಕೈಯಲ್ಲೇ ಇತ್ತು. ನಾನಾಗಿ ಹೋಗಿ ಕೇಳಬಹುದಿತ್ತು. ಮೈದಾನದಲ್ಲಿ ಅಷ್ಟು ಗಂಟಲು ಹರಿದುಕೊಂಡವನಿಗೆ ಆ ಬಾಗಿಲು ತಟ್ಟುವುದೇನು ಕಷ್ಟ? ಆದರೆ ಬೇಡ ಅಂದ ಊಟಕ್ಕೆ ತಾನಾಗಿ ಹೋಗಿ ತಟ್ಟೆ ಹಿಡಿಯುವುದು ನನ್ನಿಂದ ಆಗಲಿಲ್ಲ. ಕೊನೆಗೆ ಬೇರೆ ಯಾವುದೋ ದೇಶದ ಹುಡುಗ ನನ್ನ ಜಾಗಕ್ಕೆ ಬಂದ ಅಂತ ತಿಳಿಯಿತು. ನನ್ನನ್ನು ವಿಮಾನಕ್ಕೆ ಬಿಡಲು ನಾಯಕ ತನ್ನ ಕಾರು ತಂದ. ದಾರಿಯಲ್ಲಿ, "ನೀನು ಇರಬೇಕು ಅಂತ ನಮಗೆಲ್ಲ ಇತ್ತು" ಅಂದ. ಹಾಗಾದರೆ ಇನ್ನೊಂದು ಸಲ ಯಾಕೆ ಕೇಳಲಿಲ್ಲ ಅಂತ ನಾನು ಕೇಳಿಯೇಬಿಟ್ಟೆ. ಅವನಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ನೀನು ಬೇಡ ಅಂದೆಯಲ್ಲ. ಬೇಡ ಅಂದವನನ್ನು ಮತ್ತೆ ಕೇಳಿದರೆ ಅವನ ಮಾತಿಗೆ ಬೆಲೆ ಕೊಡದ ಹಾಗೆ ಆಗುತ್ತದೆ" ಅಂದ. ಸೌನಾ, ಕಾಫಿ, ಬನ್ನು ಎಲ್ಲವೂ ಆ ಕಾರಿನಲ್ಲಿ ಕೂತು ನನಗೆ ಅರ್ಥವಾದವು. ಅವರು ನನ್ನನ್ನು ದೂರ ಇಟ್ಟಿರಲಿಲ್ಲ. ಕರೆದಿದ್ದರು, ಒಂದೇ ಸಲ.

ನಾನು ಸಿರುಗುಪ್ಪಕ್ಕೆ ಬರುವ ಮೊದಲೇ ನನ್ನ ಕತೆ ಬಂದು ಮುಟ್ಟಿತ್ತು. ಅವರು ಇನ್ನೆರಡು ವರ್ಷ ಇರು ಅಂದರು, ನಾನು ಬರ್ತೀನಿ ಅಂದೆ ಅಂತ ಫೋನಿನಲ್ಲಿ ಅಕ್ಕನಿಗೆ ಹೇಳಿದ್ದೆ. ಅವ್ವ ಅದಕ್ಕೆ ಕೈಕಾಲು ಜೋಡಿಸಿದ್ದಳು. ಪಕ್ಕದ ಮನೆಯಾಕೆಗೆ ನನ್ನ ಎದುರೇ ಹೇಳಿದಳು: "ಕೈ ಹಿಡ್ಕಂಡು ಬೇಡ್ಕೊಂಡ್ರಂತವ್ವಾ ಆ ಬಿಳೇರು. ಇವ ಒಲ್ಲೆ ಅಂದ. ನಮ್ಮವ್ವ ಅದಾಳ, ಹೋಗಾಕ ಬೇಕು ಅಂದ." ಹೇಳುವಾಗ ಅವಳು ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು. ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿದೆ.

ಬಳ್ಳಾರಿಯಲ್ಲಿ ಹುಡುಗರಿಗೆ ಆಟ ಕಲಿಸುವ ಕೆಲಸ ಸಿಕ್ಕಿತು, ಮನೆ ಹಿಡಿದೆ. ಸಿರುಗುಪ್ಪಕ್ಕೆ ಹೋಗಿ ಅವ್ವನಿಗೆ, "ನನ್ನ ಜೊತಿ ಬರ್ತಿಯೇನು?" ಅಂದೆ. "ಬ್ಯಾಡಪ್ಪ, ನಾ ಇಲ್ಲೇ ಆರಾಮ್ ಅದೀನಿ" ಅಂದಳು. ಮೊಮ್ಮಕ್ಕಳು ಇಲ್ಲಿದ್ದಾರೆ, ಇಲ್ಲೇ ಇಷ್ಟವಿರಬೇಕು, ಅವಳ ಮಾತಿಗೆ ಬೆಲೆ ಕೊಡಬೇಕು ಅಂದುಕೊಂಡು ಸರಿ ಅಂದೆ. ಮತ್ತೆ ಆ ಮಾತು ಎತ್ತಲಿಲ್ಲ. ಎರಡು ವರ್ಷ ಹಾಗೇ ಹೋಯಿತು. ಹಬ್ಬಕ್ಕೆ ಹೋಗುವುದು, ಉಂಡು ಬರುವುದು, ಬಳ್ಳಾರಿಗೆ ಬಂದು ಬೀಗ ತೆಗೆಯುವುದು. ಮನೆಯೊಳಗಿನ ಸೆಕೆ ಒಂದು ಬಿಟ್ಟರೆ ಫಿನ್‌ಲೆಂಡಿನ ಕೋಣೆಗೂ ಇದಕ್ಕೂ ಏನೂ ವ್ಯತ್ಯಾಸವಿರಲಿಲ್ಲ.

ನಮ್ಮ ಮೈದಾನಕ್ಕೆ ತಮ್ಮ ಶಾಲೆಯ ಮಕ್ಕಳನ್ನು ಕರೆತರುವ ಡ್ರಿಲ್ ಮಾಸ್ತರರೊಬ್ಬರಿದ್ದಾರೆ. ಆಟ ಮುಗಿದ ಮೇಲೆ ನಾನು ಅವರನ್ನು "ಚಹಾ ಕುಡೀತೀರೇನ್ರಿ?" ಅಂತ ಕೇಳುತ್ತಿದ್ದೆ. ಬ್ಯಾಡ್ರಿ ಅನ್ನುತ್ತಿದ್ದರು. ನಾನು ಹೋಗಿ ಒಬ್ಬನೇ ಕುಡಿಯುತ್ತಿದ್ದೆ. ಹೋದ ಬೇಸಿಗೆಯಲ್ಲಿ ಒಂದು ಸಂಜೆ ಅವರು ತಡೆಯಲಾರದೆ ಅಂದುಬಿಟ್ಟರು: "ಸರ, ಸಿಟ್ ಮಾಡ್ಕೋಬ್ಯಾಡ್ರಿ. ನೀವು ಕರ್ದಂಗ ಮಾಡಿ ಹೊಂಟುಬಿಡ್ತೀರಿ. ಒಂದ ಸಲ ಕೇಳಿದ್ರ ಯಾರ್ ಬರ್ತಾರ್ರಿ? ಕರಿಯೋ ಮನಸಿಲ್ಲ ಅಂತ ತಿಳ್ಕಂತಾರ." ನನಗೆ ಮೊದಲು ನಗು ಬಂತು. ಅವರ ಕೈ ಹಿಡಿದು ಎಳೆದುಕೊಂಡು ಹೋಗಿ ಚಹಾ ಕುಡಿಸಿದೆ. ಅರ್ಧ ಲೋಟ ಕುಡಿಯುವಷ್ಟರಲ್ಲಿ ಅವ್ವನ ನೆನಪಾಗಿ ನನ್ನ ಲೋಟ ಕೆಳಗಿಟ್ಟೆ.

ಮರುದಿನ ಸಿರುಗುಪ್ಪದ ಬಸ್ಸು ಹತ್ತಿದೆ. ಅವ್ವ ಪಡಸಾಲೆಯಲ್ಲಿ ಕೂತು ಪುಂಡಿಸೊಪ್ಪು ಸೋಸುತ್ತಿದ್ದಳು. ಎದುರಿಗೆ ಕೂತು, "ಅವ್ವಾ, ಬಳ್ಳಾರಿಗೆ ಬಾ. ನನ್ನ ಜೊತಿ ಇರು" ಅಂದೆ.

"ಬ್ಯಾಡಪ್ಪ. ಇಲ್ಲೇ ಆರಾಮ್ ಅದೀನಿ."

"ನಿನಗಂತನ ಒಂದ್ ಕೋಣಿ ಐತಿ, ಬಾ."

"ನಿನಗ್ಯಾಕ ತ್ರಾಸು? ದಿನಾ ಮೈದಾನಕ್ಕ ಹೋಗಾಂವ ನೀನು."

"ಒಬ್ಬಾಂವ ಕುಂತು ಉಣ್ಣಾಕ ಆಗವಲ್ದು ಅವ್ವಾ. ಬಾ ನೀನು." ಹೇಳಿ ಅವಳ ಕೈ ಹಿಡಿದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ.

"ಇಷ್ಟ್ ದಿನ ಯಾಕ ಕರೀಲಿಲ್ಲ?" ಅಂದಳು.

"ಕರ್ದಿದ್ದೆ. ನೀ ಒಲ್ಲೆ ಅಂದಿ."

"ಒಂದ ಸಲ ಕರ್ದಿ."

"ಅಲ್ಲಿ ಹಂಗ ಅವ್ವಾ. ಒಂದ ಸಲ ಕೇಳ್ತಾರ. ನನ್ನೂ ಒಂದ ಸಲ ಕೇಳಿದ್ರು." ಹೇಳಬಾರದು ಅಂದುಕೊಂಡಿದ್ದು ಹೊರಗೆ ಬಂದುಬಿಟ್ಟಿತ್ತು. ಇನ್ನು ಮುಚ್ಚಿಡಲು ಆಗಲಿಲ್ಲ. ಯಾರೂ ಕೈ ಹಿಡಿದು ಬೇಡಿಕೊಳ್ಳಲಿಲ್ಲ, ನಾನು ಬಾಯಿ ಮಾತಿಗೆ ಬೇಡ ಅಂದೆ, ಅವರು ನಿಜ ಅಂತ ತಿಳಿದು ಬೇರೆಯವನನ್ನು ತಂದರು ಅಂತ ಎಲ್ಲವನ್ನೂ ಹೇಳಿದೆ. ಅವ್ವ ಸೊಪ್ಪು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದಳು. ಎರಡು ವರ್ಷ ಅವಳು ಈ ಓಣಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತದ್ದು ಆ ಒಂದು ಮಾತಿನ ಮೇಲೆ. ನನಗೆ ಹೆದರಿಕೆಯಾಯಿತು.

"ಹಂಗಾರ ನೀ ನನ್ನ ಸಲುವಾಗಿ ಬರ್ಲಿಲ್ಲ."

"ಇಲ್ಲವ್ವಾ."

ಅವಳು ಮೊರದಲ್ಲಿದ್ದ ಎಲೆಗಳನ್ನು ಸುಮ್ಮನೆ ಆಚೆ ಈಚೆ ಸರಿಸಿದಳು.

"ಎರಡ್ನೇ ಸಲ ಕೇಳ್ತಾರಂತ ಕಾದಿ?"

"ಭಾಳ ಕಾದೆ."

"ನಾನೂ ಕಾದೆ," ಅಂದಳು ಅವ್ವ.

ಅವಳು ಮೊರವನ್ನು ಪಕ್ಕಕ್ಕೆ ಸರಿಸಿ, ನನ್ನ ಹೆಗಲ ಮೇಲೆ ಕೈಯೂರಿ ಎದ್ದಳು. "ಓಣ್ಯಾಗ ಮಾತ್ರ ಏನೂ ಹೇಳಬ್ಯಾಡ. ಬೇಡ್ಕೊಂಡ್ರು ಅಂತನ ಇರ್ಲಿ" ಅಂದು, ಅಟ್ಟದ ಮೇಲಿನ ತನ್ನ ಟ್ರಂಕ್ ಇಳಿಸಿಕೊಡಲು ಅಕ್ಕನನ್ನು ಕೂಗಿದಳು.